ನೀರು ಹೊಡೆದು ತುಂಬಿದ ಮರಳು

೧೯೯೧ನೆಯ ಇಸವಿ, ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಮದ್ರಾಸಿನ ಹೊರಗೆ ಬಳಕೆ ತಪ್ಪಿದ ಒಂದು ಹಳೆಯ ವಿಮಾನ ಪಟ್ಟಿ. ಹಾಜರಿದ್ದವರು ಮೂವರು: ನಾನು, ನನ್ನ ತಮ್ಮ, ಕಾರು ರಿಪೇರಿ ಮಾಡುವ ರಾಣೆಬೆನ್ನೂರಿನ ಮಿಸ್ತ್ರಿ. ಅಪ್ಪ ಬಂದಿರಲಿಲ್ಲ. ಮರುದಿನ ಸೋಮವಾರ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ. ಸುಗ್ಗಿಯಲ್ಲಿ ಪೇಟೆಯ ಹಿಂದಿನ ದಿನ ಅಂಗಡಿ ಬಿಟ್ಟು ಹೊರಡುವ ದಲಾಲ ನಮ್ಮೂರಲ್ಲಿ ಇರಲಿಲ್ಲ.

ನಾನು ಆಗ ಹಾವೇರಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಪಾಳಿ ಬದಲಾಗುವಾಗ ಕೊಡುವ ವರದಿಯಲ್ಲಿ ಮೊದಲು ದಿನ, ಆಮೇಲೆ ವೇಳೆ, ಆಮೇಲೆ ಹಾಜರಿದ್ದವರು, ಕೊನೆಗೆ ನಡೆದದ್ದು ಎಂದು ತರಬೇತಿಯಲ್ಲಿ ಕಲಿಸಿದ್ದರು. ಬೇರೆ ರೀತಿ ಶುರು ಮಾಡಲು ನನಗೆ ಈಗಲೂ ಬರುವುದಿಲ್ಲ.

ಅಂದು ನನ್ನ ಕೆಲಸ ಗಡಿಯಾರದ್ದು. ನಾಡಿ ಎಣಿಸಿ ರೂಢಿಯಾದ ಕೈ ಎಂದು ತಮ್ಮ ಆ ಕೆಲಸವನ್ನು ನನಗೆ ಒಪ್ಪಿಸಿದ್ದ. ಅವನು ಓಟದ ಕಾರಿನಲ್ಲಿ ಸುತ್ತು ಮುಗಿಸಿ ಎದುರಿಗೆ ಹಾಯುವಾಗ ವೇಳೆ ನೋಡಿ, ಕರಿ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದು ಎತ್ತಿ ಹಿಡಿಯಬೇಕು. ವೇಗ ಹೆಚ್ಚಿತೋ ತಗ್ಗಿತೋ ಎಂದು ಅವನಿಗೆ ಅದರಿಂದ ತಿಳಿಯುತ್ತಿತ್ತು. ಮಿಸ್ತ್ರಿ ಅದನ್ನು ನೋಡಿ, 'ಅಕ್ಕಾರ, ನಿಮ್ಮ ಪೇಷಂಟು ಇವತ್ತು ಭಾಳ ಓಡತೈತಿ, ಹಾಸಿಗ್ಯಾಗ ನಿಲ್ಲೂದಿಲ್ಲ' ಎಂದು ಚಾಷ್ಟಿ ಮಾಡಿದರು. ನಾನು ನಗಲಿಲ್ಲ. ಆ ದಿನ ಏನು ಪಣಕ್ಕಿದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು.

ಆ ಪಂದ್ಯಮಾಲೆಯಲ್ಲಿ ಓಡುವ ಕಾರುಗಳೆಲ್ಲ ಒಂದೇ ಕಂಪನಿಯ ಒಂದೇ ಮಾದರಿಯವು. ಊರೂರಲ್ಲಿ ಮನೆಮಂದಿಯನ್ನು ಹೊತ್ತು ತಿರುಗುತ್ತಿದ್ದ ಪುಟ್ಟ ಕಾರು. ಒಳಗಿನ ಸೀಟು ಕಿತ್ತು, ಕಬ್ಬಿಣದ ಪೈಪಿನ ಪಂಜರ ಕೂಡಿಸಿ, ಬಾಗಿಲಿಗೆ ನಂಬರು ಅಂಟಿಸಿದರೆ ಓಟದ ಕಾರಾಗುತ್ತಿತ್ತು. ಎಂಜಿನ್ನಿಗೆ ಸೀಲು. ಟೈರು ಎಲ್ಲರದ್ದೂ ಒಂದೇ ನಮೂನೆ. ಓಡಿಸುವವನನ್ನು ಸೇರಿಸಿ ಒಟ್ಟು ತೂಕವೂ ಗೊತ್ತುಪಡಿಸಿದ್ದಕ್ಕಿಂತ ಕಡಿಮೆ ಇರಬಾರದು. ಹಣವಂತನಿಗೂ ನಮ್ಮಂಥವರಿಗೂ ಅಲ್ಲಿ ಒಂದೇ ಗಾಡಿ, ಗೆದ್ದರೆ ಕೈ ಗೆದ್ದಂತೆ ಎಂದು ತಮ್ಮ ಹೇಳುತ್ತಿದ್ದ. ಅದಕ್ಕಾಗಿಯೇ ಅವನು ಈ ಪಂದ್ಯ ಹಿಡಿದಿದ್ದ. ಕುಪ್ಪೇಲೂರಿನ ಕಡೆ ಒಣಗಿದ ಕೆರೆಯ ಅಂಗಳದಲ್ಲಿ ಹಳೆಯ ಟೈರು ಇಟ್ಟು, ಬೆಳಗಿನ ಹೊತ್ತು ತಿರುವು ತೆಗೆದುಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದ. ಎಮ್ಮೆ ಮೇಯಿಸುವವರು ದಂಡೆಯ ಮೇಲೆ ಕೂತು, ದಾರಿ ತಪ್ಪಿದವನಿಗೆ ಊರು ತೋರಿಸಬೇಕೇನು ಎಂದು ಕೂಗಿ ಕೇಳುತ್ತಿದ್ದರಂತೆ.

ಅಪ್ಪನಿಗೆ ಇದು ಹಿಡಿಸಿರಲಿಲ್ಲ. ಬೈಯುವ ಮನುಷ್ಯರಲ್ಲ ಅವರು. ಕಾರು ನಿಲ್ಲುತ್ತಿದ್ದ ಗೋದಾಮಿಗೆ ಬಂದಾಗ ಚೀಲಗಳನ್ನು ನೋಡುತ್ತಿದ್ದರು, ಕಾರಿನ ಕಡೆ ತಿರುಗುತ್ತಿರಲಿಲ್ಲ. ತಮ್ಮ ಎರಡು ವರ್ಷ ಓಡಿಸಿ ಎರಡೂ ವರ್ಷ ಹಿಂದೆಯೇ ಉಳಿದಿದ್ದ. ಆ ವರ್ಷದ ಸಂಕ್ರಮಣದ ಮರುದಿನ ಊಟಕ್ಕೆ ಕೂತಾಗ ಅಪ್ಪ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು:

'ಈ ಸಲದ ಕಡೀ ಪಂದ್ಯ ಆಡಿ ಬಾ. ಮೊದಲ ಮೂರರಾಗ ಬಂದಿ ಅಂದ್ರ ನಾ ಇನ್ನ ಬಾಯಿ ಬಿಚ್ಚೂದಿಲ್ಲ. ಬರಲಿಲ್ಲ ಅಂದ್ರ ಗಾಡಿ ಕೊಟ್ಟು ಅಂಗಡಿಗೆ ಬಂದು ಕುಂದರಬೇಕು.'

ತಮ್ಮ ಆಗಲಿ ಎಂದ.

ತಮ್ಮ ಸಣಕಲ ದೇಹದವನು. ಅವನು ಕೂತರೆ ಗೊತ್ತಾದ ತೂಕಕ್ಕೆ ಕಾರು ಏರುತ್ತಿರಲಿಲ್ಲ, ಕೊರತೆ ಬಿದ್ದಷ್ಟನ್ನು ಬೇರೆ ಏನಾದರೂ ಹೊರಿಸಿ ತುಂಬಬೇಕಿತ್ತು. ಹಿಂದಿನ ಪಂದ್ಯದಲ್ಲಿ ಅಂಗಡಿಯ ಕಬ್ಬಿಣದ ತೂಕದ ಕಲ್ಲುಗಳನ್ನೇ ತಂತಿಯಿಂದ ಬಿಗಿದು ಒಯ್ದಿದ್ದರು. ಕಾರು ಪರೀಕ್ಷಿಸುವ ಅಧಿಕಾರಿ ಅವನ್ನು ಕಂಡು, ಇವು ಬಿಚ್ಚಿಕೊಂಡರೆ ಮೊದಲು ನಿನ್ನ ತಲೆಯೇ ಹೋಗುತ್ತದೆ ಎಂದು ಗದರಿಸಿ ತೆಗೆಸಿದ್ದರಂತೆ. ಈ ಸಲ ಮಿಸ್ತ್ರಿ ಹಿಂದಿನ ಸೀಟಿನ ಜಾಗದಲ್ಲಿ ತಗಡಿನ ಒಂದು ಪೆಟ್ಟಿಗೆ ಕೂಡಿಸಿ, ತಳಕ್ಕೆ ತೂತು ಕೊರೆದು ಬೋಲ್ಟು ಬಿಗಿದಿದ್ದರು. ಒಳಗೆ ಮರಳಿನ ಚೀಲ ಇಡುವುದೆಂದು ತೀರ್ಮಾನವಾಗಿತ್ತು. ಕಾರಿನ ಖಾಲಿ ತೂಕ, ಹಿಂದಿನ ಪಂದ್ಯದಲ್ಲಿ ಕೇಳಿಕೊಂಡು ಪಂದ್ಯ ನಡೆಸುವವರ ತೂಕದ ಕಾಟಾದ ಮೇಲೆ ಏರಿಸಿದಾಗಲೇ ತಿಳಿದಿತ್ತು. ತಮ್ಮನನ್ನು ಹೆಲ್ಮೆಟ್ಟು, ಬೂಟು ಸಮೇತ ಹಾವೇರಿಯ ವಾರ್ಡಿಗೆ ಕರೆಸಿ ನಾನೇ ತೂಗಿದ್ದೆ. ರೋಗಿಗಳು ಎದ್ದು ಕೂತು ನೋಡಿದರು. ಉಳಿದ ಲೆಕ್ಕ ಮರಳಿನದು.

ಕಾರು ಲಾರಿ ಏರುವ ಹಿಂದಿನ ದಿನ, ಸಂಜೆ ನಾಲ್ಕರ ಸುಮಾರಿಗೆ, ನಾವು ಮೂವರೂ ಗೋದಾಮಿನಲ್ಲಿದ್ದೆವು. ಮೇಡ್ಲೇರಿಯಿಂದ ತರಿಸಿದ ಹೊಳೆಯ ಮರಳು ಬಾಗಿಲ ಬಳಿ ಬಿದ್ದಿತ್ತು. ಅದು ಬಿಸಿಲಿಗೆ ಒಣಗಿ ಚೀಲದೊಳಗೆ ಆಚೆ ಈಚೆ ಜಾರುತ್ತಿತ್ತು. ಇದು ಹೀಗೆ ಜಾರಿದರೆ ತಿರುವಿನಲ್ಲಿ ಗಾಡಿಯನ್ನು ಒಂದು ಮಗ್ಗುಲಿಗೆ ಎಳೆಯುತ್ತದೆ ಎಂದು ಮಿಸ್ತ್ರಿ ಬೇಸರಪಟ್ಟು ಚೀಲವನ್ನು ಮೂರು ಸಲ ಬಿಚ್ಚಿ ಕಟ್ಟಿದರು.

ಅಷ್ಟರಲ್ಲಿ ಅಪ್ಪ ಬಂದರು. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿ, ಧೋತರ ಮೇಲೆ ಕಟ್ಟಿದರು.

'ಹಿಂಗ ತುಂಬತಾರೇನು? ಚೀಲ ತುಂಬೂದು ಬ್ಯಾಡಗ್ಯಾಗ ಹುಟ್ಟಿದವಗ ಹೇಳಿಕೊಡಬೇಕ? ನೀರ ತಗೊಂಡ ಬಾ.'

ನಮ್ಮೂರಿನಲ್ಲಿ ಮೆಣಸಿನಕಾಯಿ ತುಂಬುವ ಪದ್ಧತಿ ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ. ಒಣ ಕಾಯಿಯನ್ನು ಹಾಗೇ ಒತ್ತಿದರೆ ಮುರಿದು ಪುಡಿಯಾಗುತ್ತದೆ. ಅದಕ್ಕೆ ಮೇಲೆ ತೆಳುವಾಗಿ ನೀರು ಹೊಡೆದು, ಮೆತ್ತಗಾದ ಮೇಲೆ ಚೀಲಕ್ಕೆ ಸುರಿದು, ಹಮಾಲ ಒಳಗಿಳಿದು ತುಳಿಯುತ್ತಾನೆ. ಹಾಗೆ ತುಂಬಿದ ಚೀಲ ಕಲ್ಲಿನಂತೆ ನಿಲ್ಲುತ್ತದೆ. ಅಪ್ಪ ಮರಳಿಗೂ ಅದನ್ನೇ ಮಾಡಿದರು. ಕೊಡದ ನೀರನ್ನು ಬೊಗಸೆಯಿಂದ ಹೊಡೆದರು, ಕಲಸಿದರು, ಚೀಲಕ್ಕೆ ಸುರಿಸಿದರು. ಹಮಾಲರನ್ನು ಕರೆಯುತ್ತೇನೆಂದು ತಮ್ಮ ಹೊರಟಾಗ ಬೇಡವೆಂದು ಕೈ ಮಾಡಿ, ಅವನ ಹೆಗಲು ಹಿಡಿದುಕೊಂಡು ತಾವೇ ಚೀಲದಲ್ಲಿ ಇಳಿದು ತುಳಿದರು. ಅವರು ತುಳಿದಷ್ಟು ಹೊತ್ತೂ ತಮ್ಮ ಅಲುಗಾಡದೆ ನಿಂತಿದ್ದ. ಆ ಕಾರಿನ ಕೆಲಸಕ್ಕೆ ಅಪ್ಪ ಕೈ ಹಚ್ಚಿದ್ದು ಅದೇ ಮೊದಲು.

ತೂಗಿದ್ದು ಅಂಗಡಿಯ ಕಾಟಾದ ಮೇಲೆ. ಅಪ್ಪನ ಕಾಟಾ ಎಂದರೆ ಪೇಟೆಯಲ್ಲಿ ಒಂದು ಮಾತಿತ್ತು: ಅಲ್ಲಿ ತೂಗಿಸಿದ ಮಾಲನ್ನು ಇನ್ನೊಂದು ಕಡೆ ತೂಗಿಸುವ ಕೆಲಸವಿಲ್ಲ ಎಂದು. ಗುತ್ತಲದ ಕಡೆಯ ರೈತರು ಹತ್ತಿರದ ಅಂಗಡಿ ದಾಟಿ ನಮ್ಮಲ್ಲಿಗೆ ಬರುತ್ತಿದ್ದುದು ಅದಕ್ಕೇ. ಮುಳ್ಳು ನಡುವೆ ನಿಂತಿತು. ಮಿಸ್ತ್ರಿ ಹಿಂದಿನಿಂದ, 'ಸಾವಕಾರ್ರ, ಇರಲಿ, ಮ್ಯಾಲ ಎರಡು ಬೊಗಸಿ ಹಾಕ್ರಲಾ' ಎಂದರು.

'ಹೆಚ್ಚಿಗಿ ತೂಗೂದೂ ತಪ್ಪ ತೂಕನ' ಎಂದರು ಅಪ್ಪ. 'ಹುಡುಗ ಯಾಕ ಸುಳ್ಳ ಹೊರಬೇಕು? ಮುಳ್ಳು ನಡು ನಿಂತೈತಿ. ಸಾಕು.'

ದಬ್ಬಣ ತಂದು ಸುತಳಿಯಿಂದ ಬಾಯಿಯನ್ನೂ ತಾವೇ ಹೊಲಿದರು. ಹೊಲಿಗೆ ಮುಗಿದ ಮೇಲೆ ಕಾರಿನ ಮೇಲ್ಭಾಗವನ್ನು ಎಮ್ಮೆಯ ಬೆನ್ನು ತಟ್ಟುವಂತೆ ಒಮ್ಮೆ ತಟ್ಟಿ ಹೋದರು. ಮರುದಿನ ಮೆಣಸಿನಕಾಯಿ ಲಾರಿಯ ಹಿಂಭಾಗದಲ್ಲಿ ಹಲಗೆ ಇಟ್ಟು ಕಾರು ಏರಿಸುವಾಗ ಪೇಟೆಯ ನಾಲ್ಕು ಮಂದಿ ನೆರೆದಿದ್ದರು. 'ಯಾವ ಅಡತಿ ಅಂಗಡಿಗಪಾ ಈ ಮಾಲು?' ಎಂದು ಒಬ್ಬರು ಕೇಳಿದರು. ಅಪ್ಪ ಅಂಗಡಿಯ ಕಟ್ಟೆಯಿಂದಲೇ, 'ತೂಕಾ ಹಾಕಿ ಕಳಸೇವಿ, ವಾಪಸ್ ಬರೂ ಮಾಲಲ್ಲ' ಎಂದರು. ಅವರು ಹಾಸ್ಯ ಮಾಡಿದ್ದನ್ನು ನಾನು ಅಪರೂಪಕ್ಕೆ ಕೇಳಿದ್ದೆ.

ಲಾರಿ ದಾರಿಯಲ್ಲಿ ಎರಡು ಕಡೆ ಸರಕು ಇಳಿಸಿ, ಐದನೆಯ ದಿನ ಮದ್ರಾಸು ಮುಟ್ಟಿತು. ಜೊತೆಗೆ ಮಿಸ್ತ್ರಿ ಹೋಗಿದ್ದರು. ದಾರಿಯಲ್ಲಿ ಕಾರಿನ ಕೆಳಗೆ ತೇವ ಕಂಡು, ರೇಡಿಯೇಟರ್ ಸೋರುತ್ತಿದೆಯೆಂದು ಹೆದರಿ ಬಾನೆಟ್ಟು ತೆಗೆದು ನೋಡಿದರಂತೆ. ರೇಡಿಯೇಟರ್ ತುಂಬಿಯೇ ಇತ್ತು. ಮೇಲಿನ ತಾಡಪತ್ರಿಯಿಂದ ಇಬ್ಬನಿ ಇಳಿದಿರಬೇಕೆಂದು ಸುಮ್ಮನಾದರಂತೆ. ನಾನೂ ತಮ್ಮನೂ ರೈಲಿನಲ್ಲಿ ಹೋದೆವು. ಶನಿವಾರದ ಪರೀಕ್ಷೆಯಲ್ಲಿ ಬ್ರೇಕು, ಸೀಟಿನ ಬೆಲ್ಟು, ಎಂಜಿನ್ನಿನ ಸೀಲು ನೋಡಿ ಚೀಟಿ ಅಂಟಿಸಿದರು. ಪೆಟ್ಟಿಗೆಯನ್ನು ಹಿಡಿದು ಅಲುಗಿಸಿ, ಗಟ್ಟಿಯಾಗಿದೆ ಎಂದರು. ತೂಗಲಿಲ್ಲ, ಅಪ್ಪ ತೂಗಿ ಕೊಟ್ಟದ್ದನ್ನು ಮತ್ತೆ ತೂಗಿಸಿರೆಂದು ನಾವೂ ಕೇಳಲಿಲ್ಲ. ತೂಕ ಪಂದ್ಯ ಮುಗಿದ ಮೇಲೆ, ಅದೂ ಮೊದಲ ಮೂವರದ್ದು ಮಾತ್ರ. ಹಿಂದೆ ಉಳಿದವರ ತೂಕ ಯಾರಿಗೂ ಬೇಕಿರಲಿಲ್ಲ.

ಪಂದ್ಯ ಶುರುವಾದದ್ದು ಹನ್ನೊಂದಕ್ಕೆ. ಬಿಸಿಲು ಕಾಂಕ್ರೀಟಿನಿಂದ ಮೇಲೆದ್ದು ಬರುತ್ತಿತ್ತು. ತಮ್ಮ ನಿಂತದ್ದು ಸಾಲಿನ ನಡುವೆ. ಎಲ್ಲ ಒಂದೇ ಕಾರು, ಒಂದೇ ಸದ್ದು. ಬಣ್ಣ ಮತ್ತು ನಂಬರಿನಿಂದಲೇ ನಮ್ಮದನ್ನು ಗುರುತು ಹಿಡಿಯಬೇಕಿತ್ತು. ಮೊದಲ ಸುತ್ತುಗಳಲ್ಲಿ ಅವನು ಇದ್ದಲ್ಲೇ ಇದ್ದ. ಆಮೇಲೆ ಒಬ್ಬೊಬ್ಬರನ್ನೇ ದಾಟತೊಡಗಿದ. ನಾನು ವೇಳೆ ಬರೆದು ಹಲಗೆ ಎತ್ತುತ್ತಿದ್ದೆ. ಪ್ರತಿ ಸುತ್ತಿಗೂ ವೇಗ ಹೆಚ್ಚುತ್ತಿತ್ತು. ಮಿಸ್ತ್ರಿ ಚಾಷ್ಟಿ ಬಿಟ್ಟು ಸುಮ್ಮನೆ ತುಟಿ ಅಲುಗಿಸುತ್ತ ನಿಂತರು. ಕೊನೆಯ ಸುತ್ತಿನಲ್ಲಿ ಡ್ರಮ್ಮು ಇಟ್ಟು ಮಾಡಿದ ತಿರುವಿನ ಒಳಮಗ್ಗುಲಿನಿಂದ ನುಗ್ಗಿ, ಮುಂದಿನವನನ್ನು ಹಿಂದೆ ಹಾಕಿ, ತಮ್ಮ ಮೂರನೆಯವನಾಗಿ ಗೆರೆ ದಾಟಿದ.

ಮಿಸ್ತ್ರಿ ಕೂತುಬಿಟ್ಟರು. ನಾನು ಹಲಗೆಯನ್ನು ಗೋಡೆಗೆ ಆನಿಸಿ ಗಡಿಯಾರ ನಿಲ್ಲಿಸಿದೆ. ಸಂತೋಷಪಡಲು ನನಗೆ ಸಿಕ್ಕ ವೇಳೆ ಕಾರು ಕಾಟಾದವರೆಗೆ ಹೋಗುವಷ್ಟೇ.

ಮೊದಲನೆಯವನ ಕಾರು ಏರಿತು, ಇಳಿಯಿತು. ಎರಡನೆಯವನದು ಏರಿತು, ಇಳಿಯಿತು. ನಮ್ಮದು ಏರಿದ ಮೇಲೆ ಅಧಿಕಾರಿ ಇಳಿಸಲು ಹೇಳಿ ಮತ್ತೆ ಏರಿಸಿದರು. ಮೂರನೆಯ ಸಲವೂ ಹಾಗೇ ಮಾಡಿದರು. ಆಮೇಲೆ ತಮ್ಮನನ್ನು ಕರೆದು ಮುಳ್ಳು ತೋರಿಸಿದರು. ಮೂರು ಕಿಲೋ ಕಡಿಮೆ. ಆ ಮನುಷ್ಯರು ಒರಟಾಗಿ ಮಾತಾಡಲಿಲ್ಲ. ಒಂದು ಕಿಲೋ ಆದರೂ ಇದೇ, ಎಲ್ಲರಿಗೂ ಒಂದೇ ನಿಯಮ ಎಂದರು. ಧ್ವನಿವರ್ಧಕದಲ್ಲಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತಮಿಳಿನಲ್ಲಿ ನಮ್ಮ ನಂಬರು ಕೂಗಿ, ತೂಕ ಕಡಿಮೆ ಬಂದ ಕಾರಣ ಹೆಸರು ತೆಗೆದಿದೆ ಎಂದು ಸಾರಿದರು. ಹಿಂದೆ ಬಿದ್ದವನೊಬ್ಬ ಮೂರನೆಯವನಾದ.

ಮಿಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆಗೆದು ಚೀಲ ಮುಟ್ಟಿದರು. ಬೇಸಿಗೆಯ ಐದು ದಿನ, ಲಾರಿಯ ಕುಲುಕಾಟ, ಮುಚ್ಚಿದ ಕಾರಿನ ಧಗೆ. ನೀರು ಗೋಣಿಯಿಂದ ಇಳಿದು, ಬೋಲ್ಟಿನ ತೂತಿನಿಂದ ಹನಿಹನಿಯಾಗಿ ಹೋಗಿತ್ತು, ಉಳಿದದ್ದು ಆರಿತ್ತು. ದಬ್ಬಣ ಚುಚ್ಚಿದ ಕಡೆಯಿಂದ ಮರಳು ಹಿಟ್ಟಿನಂತೆ ಉದುರಿತು. ಮೂವರೂ ಅದನ್ನು ನೋಡಿದೆವು. ಯಾರೂ ಯಾರಿಗೂ ವಿವರಿಸಬೇಕಾಗಲಿಲ್ಲ. ಹಸಿ ಕಾಯಿ ಒಣಗಿದರೆ ತೂಕ ಬೀಳುತ್ತದೆಂದು ಬ್ಯಾಡಗಿಯ ಕೂಸಿಗೂ ಗೊತ್ತು. ಖರೀದಿ ಮಾಡುವವರು ಕಾಯಿಯನ್ನು ಹಿಡಿದು ಮುರಿದು ನೋಡಿ, ತೇವಕ್ಕೆಂದು ಇಷ್ಟು ತೂಕ ಕಳೆಯುವುದು ದಿನನಿತ್ಯದ ವ್ಯವಹಾರ. ಅಪ್ಪ ಇಡೀ ಆಯುಷ್ಯ ಅದನ್ನೇ ಮಾಡಿದ್ದರು. ಆದರೆ ಮರಳಿಗೆ ನಮ್ಮಲ್ಲಿ ಪೇಟೆ ಇರಲಿಲ್ಲ. ಅದೂ ಒಣಗುತ್ತದೆಂದು ಗೋದಾಮಿನಲ್ಲಿದ್ದ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನೆರಳಿಗೆ ಬಂದು ಕೂತೆವು. ತಂದ ರೊಟ್ಟಿಯ ಗಂಟನ್ನು ಬಿಚ್ಚಿದೆ. ಯಾರೂ ಕೈ ಹಾಕಲಿಲ್ಲ. ಮಿಸ್ತ್ರಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾವಕಾರ್ರು ತಿಳಿದುಕೊಳ್ಳುತ್ತಾರೆ, ಮೂರನೆಯವನಾಗಿ ಬಂದದ್ದಂತೂ ಖರೇ, ಅಷ್ಟು ಸಾಕು ಅವರಿಗೆ ಎಂದರು. ನಾನೂ ಹಾಗೇ ಹೇಳಿದೆ. ವಾರ್ಡಿನಲ್ಲಿ ತಪ್ಪು ವರದಿಯಿಂದ ಆಗುವ ಕೇಡನ್ನು ಕಂಡವಳು ನಾನು.

'ಹೇಳಿದ್ರ ಮುಂದಿನ ವರ್ಷ ಓಡಸ್ತಿ' ಎಂದೆ.

'ಓಡಸ್ತೀನಿ ಅಕ್ಕಾ' ಎಂದ ತಮ್ಮ. 'ಆ ಗಾಡಿ ಕಂಡಾಗೊಮ್ಮೆ ಅಪ್ಪಗ ಏನ ನೆನಪಾಗತೈತಿ? ಪೇಟ್ಯಾಗ ಅವರ ತೂಕಕ್ಕ ಇನ್ನೂತನಕ ಯಾರೂ ಎರಡು ಮಾತು ಆಡಿಲ್ಲ. ನನ್ನ ಗಾಡಿ ಸಲುವಾಗಿ ಆಡೂದು ಬ್ಯಾಡ.'

ಮಿಸ್ತ್ರಿ, ನಾವು ಮೂರು ಮಂದಿ ಬಿಟ್ಟರೆ ಇದು ಯಾರಿಗೂ ತಿಳಿಯುವುದಿಲ್ಲ, ಪೇಟೆಯವರೆಗೆ ಯಾಕೆ ಹೋಗುತ್ತದೆ ಎಂದರು.

'ಅಪ್ಪಗ ತಿಳೀತೈತಲ್ಲ' ಎಂದ ತಮ್ಮ. 'ಮತ್ತ, ನಾ ಓಡಿಸಿದ್ದಕ್ಕ ಮುಂದ ಬಂದ್ನೋ, ಹಗರಾಗಿದ್ದಕ್ಕ ಬಂದ್ನೋ, ಅದೂ ಗೊತ್ತಿಲ್ಲ' ಎಂದ.

ಎಲ್ಲ ಸಮ ಇದ್ದಾಗ ಗೆದ್ದರೆ ಮಾತ್ರ ಕೈ ಗೆದ್ದಂತೆ ಎಂದು ನಂಬಿದವನು ಅವನು. ಕೊನೆಯ ತಿರುವು ತನ್ನದೋ ಅಲ್ಲವೋ ಎಂದು ಅವನಿಗೆ ಇನ್ನು ಯಾರೂ ಹೇಳುವಂತಿರಲಿಲ್ಲ.

ಐದೂವರೆಗೆ ರಸ್ತೆಯ ಮೇಲಿನ ಎಸ್‌ಟಿಡಿ ಬೂತಿಗೆ ಹೋದೆವು. ಅಪ್ಪ ಅಂಗಡಿಯ ಫೋನಿನ ಮುಂದೆ ಕೂತಿರುತ್ತಾರೆಂದು ಗೊತ್ತಿತ್ತು. ನಂಬರು ನಾನು ತಿರುಗಿಸಿದೆ, ಗಂಟೆ ಬಾರಿಸಿದ ಕೂಡಲೇ ತಮ್ಮ ರಿಸೀವರ್ ತೆಗೆದುಕೊಂಡ. ಗಾಜಿನ ಗೂಡಿನಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಬಾಗಿಲು ತೆರೆದಿಟ್ಟು ನಾನು ಹೊಸ್ತಿಲಲ್ಲಿ ನಿಂತೆ. ಅಪ್ಪ ಕೇಳಿದ್ದು ನನಗೆ ಕೇಳಿಸಲಿಲ್ಲ, ಇವನು ಹೇಳಿದ್ದಷ್ಟೇ ಕೇಳಿಸಿತು.

'ಇಲ್ಲಪ್ಪಾ... ಇಲ್ಲ, ಮೂರರಾಗ ಬರಲಿಲ್ಲ... ಹಿಂದ ಬಿದ್ದೆ.' ರಿಸೀವರನ್ನು ಇನ್ನೊಂದು ಕಿವಿಗೆ ಹಿಡಿದ. 'ಗಾಡಿ ಛಲೋ ಇತ್ತರಿ. ಚೀಲ ಅಲುಗಲಿಲ್ಲ, ಕಲ್ಲ ಇದ್ದಂಗ ಇತ್ತು... ಹೂಂ. ಗಾಡೀದು ತಪ್ಪಲ್ಲ. ಓಡಿಸೂದು ನನಗ ಬರಲಿಲ್ಲ.'

ಆಮೇಲೆ ಬಹಳ ಹೊತ್ತು ಆ ಕಡೆಯ ಮಾತು ಕೇಳುತ್ತ ನಿಂತ. ಅಪ್ಪ ಏನು ಹೇಳಿದರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊರಗೆ ಬಂದವನು, 'ಉಂಡು ಮಕ್ಕೋರಿ ಅಂದಾರ' ಎಂದಷ್ಟೇ ಅಂದ.

ಮಾತು ಕೊಟ್ಟಂತೆ ಯುಗಾದಿಯೊಳಗೆ ಕಾರು ರಾಣೆಬೆನ್ನೂರಿನವರೊಬ್ಬರ ಪಾಲಾಯಿತು. ಅವರು ಪಂಜರ ಬಿಚ್ಚಿಸಿ ಸೀಟು ಹಾಕಿಸಿ ಮಕ್ಕಳನ್ನು ಶಾಲೆಗೆ ಕಳಿಸಲು ಬಳಸಿದರು. ತಮ್ಮ ಅಂಗಡಿಯಲ್ಲಿ ಕೂತ. ಕೆಲಸ ಚೆನ್ನಾಗಿಯೇ ಕಲಿತ. ಎರಡು ವರ್ಷ ಕಳೆದ ಮೇಲೆ ಅಂಗಡಿಗೆಂದು ಒಂದು ಜೀಪು ಬಂತು. ಅಪ್ಪ ಅದಕ್ಕೆ ಡ್ರೈವರನ್ನು ಇಟ್ಟರು. ಮಗ ಇರುವಾಗ ಯಾಕೆಂದು ಯಾರಾದರೂ ಕೇಳಿದರೆ, ಮಗನ ಮೇಲಿನ ಅಕ್ಕರೆಯಿಂದಲೇ, 'ಅವಗ ಆ ಕೆಲಸ ಬರೂದಿಲ್ಲ, ಅಂವನ ಒಪ್ಪಿಕೊಂಡಾನ' ಎನ್ನುತ್ತಿದ್ದರು. ಹುಬ್ಬಳ್ಳಿಗೆ ಹೋಗುವಾಗ ಅಪ್ಪ ಮುಂದೆ, ತಮ್ಮ ಹಿಂದೆ. ಡ್ರೈವರು ಗೇರು ಬದಲಿಸಲು ತಡ ಮಾಡಿದಾಗ ತಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದುದನ್ನು ನಾನು ಪಕ್ಕದಲ್ಲಿ ಕೂತು ಕಂಡಿದ್ದೇನೆ. ಅಪ್ಪ ತೀರಿಕೊಳ್ಳುವವರೆಗೆ, ತಮ್ಮ ಓಡಿಸಿದ ಯಾವ ಗಾಡಿಯಲ್ಲೂ ಅವರು ಕೂರಲಿಲ್ಲ. ಮಿಸ್ತ್ರಿಯೂ ಈಗ ಇಲ್ಲ. ಆ ದಿನ ಪಟ್ಟಿಯ ಮೇಲೆ ಅವನು ಹೇಗೆ ಓಡಿಸಿದ ಎಂದು ಕಂಡ ನಮ್ಮವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ.

ಆ ಭಾನುವಾರ, ಬೂತಿನಿಂದ ವಸತಿಗೃಹಕ್ಕೆ ಬಂದಾಗ ಆರೂವರೆ. ಮಿಸ್ತ್ರಿ ಮರುದಿನದ ಲಾರಿ ಗೊತ್ತುಮಾಡಲು ಹೋದರು. ಅಲ್ಲಿಯವರೆಗೂ ಬಿಚ್ಚದ ಕೈಗವಸನ್ನು ತಮ್ಮ ತೆಗೆದಾಗ ಬಲ ಅಂಗೈಯಲ್ಲಿ ಎರಡು ಗುಳ್ಳೆ ಒಡೆದು ಚರ್ಮ ಸುಲಿದಿತ್ತು. ಮಧ್ಯಾಹ್ನದಿಂದ ಅವನು ಅದನ್ನು ಹೇಳಿರಲಿಲ್ಲ. ನಲ್ಲಿಯ ಬಳಿ ಕೂರಿಸಿ, ಕಾಯಿಸಿ ಆರಿಸಿದ ನೀರಿನಿಂದ ತೊಳೆದೆ. ಉರಿಯುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದ. ಮುಲಾಮು ಹಚ್ಚಿ, ಹತ್ತಿ ಇಟ್ಟು, ಪಟ್ಟಿ ಸುತ್ತಿ, ತುದಿ ಹರಿದು ಗಂಟು ಹಾಕಿದೆ. ಕತ್ತರಿ ಒರೆಸಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದೆ. ಆಗ ಏಳು ಗಂಟೆ.